ಕಾಲು ನಮ್ಮದು, ದುಡ್ಡು ನಿಮ್ಮದು

ಶುಕ್ರವಾರ, ಗ್ಲಾಸ್ಗೋ

ಬ್ರಿಟನ್ನಿನಲ್ಲಿ ಯಾವ ಆಫೀಸಿಗೆ ಸೇರಿದರೂ ಸ್ವಲ್ಪ ದಿನಕ್ಕೇ ಒಂದು ಮೇಲ್ ಬರುತ್ತದೆ. ಪಕ್ಕದ ಟೇಬಲ್ಲಿನವರು ಮ್ಯಾರಥಾನ್ ಓಡುತ್ತಿರುತ್ತಾರೆ. ಇಲ್ಲವೇ ಸೈಕಲ್ಲಿನಲ್ಲಿ ಲಂಡನ್ನಿನಿಂದ ಪ್ಯಾರಿಸ್‌ಗೆ ಹೊರಟಿರುತ್ತಾರೆ. ಇಲ್ಲವೇ 24 ಗಂಟೆಯೊಳಗೆ ಮೂರು ಬೆಟ್ಟ ಹತ್ತುವ ಹಟ ಹಿಡಿದಿರುತ್ತಾರೆ. ಕೆಳಗೆ ಒಂದು ಲಿಂಕ್. ಆಸ್ಪತ್ರೆಗೋ ಅನಾಥ ಮಕ್ಕಳಿಗೋ ನಾವು ದುಡ್ಡು ಹಾಕಬೇಕು. ಲಂಡನ್ ಮ್ಯಾರಥಾನ್ 1981ರಲ್ಲಿ ಶುರುವಾಯಿತು. ಈಗ ಅಲ್ಲಿ ಓಡುವವರಲ್ಲಿ ಬಹಳಷ್ಟು ಜನ ಯಾವುದೋ ಒಂದು ಸಂಸ್ಥೆಯ ಹೆಸರಿನ ಬನಿಯನ್ ಹಾಕಿಕೊಂಡೇ ಓಡುತ್ತಾರೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಟಾಮ್ ಮೂರ್ ಎಂಬ ಹಳೆಯ ಸೈನಿಕರು ವಾಕರ್ ಹಿಡಿದುಕೊಂಡು ಮನೆಯ ತೋಟದಲ್ಲೇ 100 ಸುತ್ತು ನಡೆದರು. ಅವರಿಗೆ ಆಗ ನೂರು ತುಂಬುವುದರಲ್ಲಿತ್ತು. 1000 ಪೌಂಡ್ ಸಿಕ್ಕರೆ ಸಾಕು ಅಂದುಕೊಂಡಿದ್ದರಂತೆ. ಬಂದದ್ದು 3 ಕೋಟಿ 20 ಲಕ್ಷ ಪೌಂಡಿಗೂ ಜಾಸ್ತಿ.

ಇಂಥ ಲಿಂಕುಗಳಿಗೆ ಕೊಟ್ಟು ಕೊಟ್ಟು, ಒಂದು ಸಲ ನಾವೂ ಕೇಳೋಣ ಅಂತ ಹೊರಟವರು ನಾವು ನಾಲ್ವರು ಕನ್ನಡಿಗರು. ಹಾಸ್ಟೆಲ್ ಚಾಳಿ ಬಿಟ್ಟಿಲ್ಲ, ಊರಿನ ಹೆಸರು ಹಿಡಿದೇ ಕರೆಯುವುದು. ಮಂಡ್ಯ ಬ್ಯಾಂಕಿನಲ್ಲಿದ್ದಾನೆ. ಕೊಪ್ಪಳ ಸಾಫ್ಟ್‌ವೇರ್. ಉಡುಪಿಯವರು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಡಾಕ್ಟರ್, ನಮಗಿಂತ ಹತ್ತು ವರ್ಷ ದೊಡ್ಡವರು. ಹಾಗಾಗಿ ಅವರಿಗೆ ಊರಿನ ಹೆಸರಿಲ್ಲ, ಡಾಕ್ಟರಮ್ಮ ಅಷ್ಟೇ. ನಾನು ಸಾಗರ.

ನಡೆಯಬೇಕಾದ ದಾರಿ ವೆಸ್ಟ್ ಹೈಲ್ಯಾಂಡ್ ವೇ. ಗ್ಲಾಸ್ಗೋ ಪಕ್ಕದ ಮಲ್ಗೈ ಊರಿನಿಂದ ಉತ್ತರಕ್ಕೆ ಫೋರ್ಟ್ ವಿಲಿಯಂ ತನಕ 154 ಕಿ.ಮೀ. 1980ರಲ್ಲಿ ತೆರೆದದ್ದು, ಸ್ಕಾಟ್ಲೆಂಡಿನ ಮೊದಲ ಅಧಿಕೃತ ದೂರದ ಕಾಲುದಾರಿ ಇದೇ.

ದುಡ್ಡು ಯಾರಿಗೆ ಅನ್ನುವುದನ್ನು ಕೊಪ್ಪಳ ಮೊದಲೇ ಹೇಳಿಬಿಟ್ಟಿದ್ದ. ಮೇರೀಸ್ ಮೀಲ್ಸ್ ಎಂಬ ಸಂಸ್ಥೆಗೆ. ಅದು ಇದೇ ಸ್ಕಾಟ್ಲೆಂಡಿನದು. 1992ರಲ್ಲಿ ಬೋಸ್ನಿಯಾದ ಯುದ್ಧದ ಸುದ್ದಿ ನೋಡಿ ಇಬ್ಬರು ಅಣ್ಣತಮ್ಮಂದಿರು ಗಾಡಿಯಲ್ಲಿ ಊಟ, ಕಂಬಳಿ ತುಂಬಿಕೊಂಡು ಹೋಗಿ ಕೊಟ್ಟು ಬಂದರು. ಬಂದು ನೋಡಿದರೆ ಜನ ಸಾಮಾನು ಕಳಿಸುವುದನ್ನು ನಿಲ್ಲಿಸಿಯೇ ಇರಲಿಲ್ಲ, ಮನೆಯ ಶೆಡ್ ತುಂಬಿಹೋಗಿತ್ತು. ಅಲ್ಲಿಂದ ಬೆಳೆದದ್ದು. 2002ರಲ್ಲಿ ಆಫ್ರಿಕಾದ ಮಲಾವಿಯಲ್ಲಿ 200 ಮಕ್ಕಳಿಗೆ ಶಾಲೆಯಲ್ಲಿ ದಿನಕ್ಕೊಂದು ಊಟ ಕೊಡಲು ಶುರುಮಾಡಿದರು. ಈಗ ಬೇರೆ ಬೇರೆ ದೇಶಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಉಣ್ಣುತ್ತಾರೆ. ಒಂದು ಮಗುವಿಗೆ ಇಡೀ ಶಾಲಾ ವರ್ಷಕ್ಕೆ ತಗಲುವುದು 20 ಪೌಂಡಿನ ಆಸುಪಾಸು. ನಾವು ಗುರಿ ಇಟ್ಟದ್ದು 2000 ಪೌಂಡ್. ಅಂದರೆ ನೂರು ಮಕ್ಕಳು.

ಇಂಟರ್ನೆಟ್ಟಿನಲ್ಲಿ ದೇಣಿಗೆಯ ಪುಟ ಮಾಡಿ ಲಿಂಕ್ ಹಂಚಿದ ಮೇಲೆ ಗೊತ್ತಾಯಿತು, ನಡೆಯೋದು ಆಮೇಲಿನ ಮಾತು. ಕೇಳೋದೇ ಕಷ್ಟ. "ಒಂದು ಸಣ್ಣ ವಿಷಯ..." ಅಂತ ಬರೆದು ಅಳಿಸಿ, ಮತ್ತೆ ಬರೆದು, ಕೊನೆಗೆ ಕಣ್ಣು ಮುಚ್ಚಿ ಕಳಿಸುವುದು. ಸಾಲ ಕೇಳಿದ ಹಾಗೇ ನಾಚಿಕೆ. ಊರಿನಿಂದ ನನ್ನ ಸೋದರಮಾವ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ್ದರು: "ನೀವು ನಡೆದ್ರೆ ಆ ಮಕ್ಕಳ ಹೊಟ್ಟೆ ಹೇಗೆ ತುಂಬುತ್ತೆ ಮಾರಾಯಾ? ನಿಮ್ಮ ರೂಮು, ರೈಲು, ಊಟದ ಖರ್ಚನ್ನೇ ಸುಮ್ನೆ ಅವರಿಗೆ ಕೊಟ್ಟುಬಿಡಿ. ಕಾಲೂ ಉಳಿಯುತ್ತೆ." ಮಾವ ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ನೋಡಿದವರು. ಅವರ ಲೆಕ್ಕದಲ್ಲಿ ತಪ್ಪು ಹುಡುಕೋದು ಸುಲಭ ಅಲ್ಲ. ನಾನು ಕೈಮುಗಿಯುವ ಚಿತ್ರ ಹಾಕಿ ಮಲಗಿದೆ.

ಶನಿವಾರ, ಮಲ್ಗೈಯಿಂದ ಡ್ರಿಮೆನ್

ಮಲ್ಗೈ ಪೇಟೆಯ ನಡುವೆ ಒಂದು ಕಲ್ಲಿನ ಕಂಬ. ಅಲ್ಲಿ ಫೋಟೋ ತೆಗೆಸಿಕೊಳ್ಳದೆ ಯಾರೂ ಹೊರಡುವುದಿಲ್ಲ. ಒಬ್ಬ ಅಜ್ಜ ನಾಯಿ ಹಿಡಿದುಕೊಂಡು ಬಂದವರು ನಮ್ಮ ನಾಲ್ವರದೂ ತೆಗೆದುಕೊಟ್ಟರು. ಯಾಕೆ ಹೋಗ್ತಿದ್ದೀರಿ ಅಂತ ಕೇಳಿದರು. ಹೇಳಿದೆವು. ಜೇಬು ತಡಕಿ ಎರಡು ಪೌಂಡಿನ ನಾಣ್ಯ ತೆಗೆದು ಡಾಕ್ಟರಮ್ಮನ ಕೈಯಲ್ಲಿಟ್ಟು, ಬೇಗ ಹೊರಡಿ, ಮಧ್ಯಾಹ್ನ ಮಳೆ ಇದೆ ಅಂದರು. ಮಂಡ್ಯ ಆ ನಾಣ್ಯವನ್ನು ಬೇರೆ ಚೀಲದಲ್ಲಿ ಹಾಕಿ ಡೈರಿಯಲ್ಲಿ ಬರೆದುಕೊಂಡ. ಬ್ಯಾಂಕಿನವನು, ಬಿಡುವುದುಂಟೇ?

ಚೀಲದ ಬಗ್ಗೆ ಹೊರಡುವ ಮೊದಲೇ ಒಂದು ಜಗಳ ಆಗಿತ್ತು. ಈ ದಾರಿಯಲ್ಲಿ ಬ್ಯಾಗು ಹೊತ್ತು ಮುಂದಿನ ಊರಿಗೆ ಮುಟ್ಟಿಸುವ ವ್ಯಾನುಗಳಿವೆ. ಬಹಳ ಜನ ಅದಕ್ಕೇ ಕೊಟ್ಟು ಕೈಬೀಸಿಕೊಂಡು ನಡೆಯುತ್ತಾರೆ. ಡಾಕ್ಟರಮ್ಮ ಅದೇ ಸರಿ ಅಂದರು. "ಬೆನ್ನು ಮುರ್ಕೊಂಡ್ರೆ ಯಾರು ನೋಡ್ತಾರೆ? ನಾನೇ ಅಲ್ವಾ?" ಮಂಡ್ಯ ಒಪ್ಪಲಿಲ್ಲ. "ಜನ ದುಡ್ಡು ಕೊಟ್ಟವ್ರೆ ಡಾಕ್ಟರಮ್ಮ, ನಾವು ಕಷ್ಟಪಡ್ತೀವಿ ಅಂತ. ಬ್ಯಾಗು ಗಾಡೀಲಿ ಹೋದ್ರೆ ಮೋಸ ಆಗಾಕಿಲ್ವಾ?" ಕೊನೆಗೆ ಬ್ಯಾಗು ನಾವೇ ಹೊರುವುದು, ಟೆಂಟು ಬೇಡ, ಹಾಸ್ಟೆಲ್‌ಗಳಲ್ಲಿ ಮಲಗುವುದು ಅಂತ ರಾಜಿಯಾಯಿತು. ನಮ್ಮ ಖರ್ಚೆಲ್ಲ ನಮ್ಮದೇ, ಪುಟಕ್ಕೆ ಬಂದ ದುಡ್ಡು ನಮ್ಮ ಕೈಗೆ ಬರುವುದೇ ಇಲ್ಲ, ನೇರ ಸಂಸ್ಥೆಗೆ ಹೋಗುತ್ತದೆ ಅಂತ ಪುಟದ ಮೇಲೇ ಬರೆದೆವು. ಇದನ್ನು ಬರೆಯದಿದ್ದರೆ ಕೇಳುವವರು ಕೇಳಿಯೇ ಕೇಳುತ್ತಾರೆ, ಕೇಳಲೂಬೇಕು.

ದಾರಿಗುರುತು ಮರದ ಗೂಟದ ಮೇಲೆ ಆರು ಮೂಲೆಯ ಚೌಕಟ್ಟಿನೊಳಗೊಂದು ಮುಳ್ಳುಹೂವು. ಅದೊಂದನ್ನು ನೋಡಿಕೊಂಡು ಹೋದರೆ ಮ್ಯಾಪೇ ಬೇಡ. ಮಗ್ಡಾಕ್ ಕಾಡು ದಾಟಿದರೆ ಕ್ರೇಗಾಲಿಯನ್ ಎಂಬ ಸಣ್ಣ ಕೆರೆ. 1930ರ ದಶಕದಲ್ಲಿ ಹಡಗುಕಟ್ಟೆಗಳು ಮುಚ್ಚಿ ಕೆಲಸ ಕಳೆದುಕೊಂಡ ಗ್ಲಾಸ್ಗೋ, ಕ್ಲೈಡ್‌ಬ್ಯಾಂಕಿನ ಹುಡುಗರು ವಾರದ ಕೊನೆಗೆ ನಡೆದು ಬಂದು ಇಲ್ಲಿ ಬೆಂಕಿ ಹಾಕಿ ಕೂರುತ್ತಿದ್ದರಂತೆ. ಚಹಾ ಕಾಯಿಸಿ, ಹಾಡಿ, ಬೆಟ್ಟದ ಕಡೆ ಹೋಗುತ್ತಿದ್ದರು. ಆ ಜಾಗದಲ್ಲಿ ಈಗ ನೆನಪಿನ ಕಲ್ಲಿದೆ. ಕೆಲಸ ಇಲ್ಲದವರು ಕಾಸಿಲ್ಲದೆ ನಡೆದ ದಾರಿಯಲ್ಲಿ ನಾವು ನೂರಿಪ್ಪತ್ತು ಪೌಂಡಿನ ಬೂಟು ಹಾಕಿಕೊಂಡು ನಡೆಯುತ್ತಿದ್ದೆವು.

ಹಳೆಯ ರೈಲು ಹಳಿಯ ಜಾಡಿನಲ್ಲಿ ಒಂದು ಹೊಲದ ಗೇಟಿನ ಹತ್ತಿರ ಪೆಟ್ಟಿಗೆ ಇಟ್ಟಿದ್ದರು. ಒಳಗೆ ತಂಪು ಡಬ್ಬಿಗಳು, ಚಾಕೊಲೇಟು. ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬ. ಕಾಯುವವರು ಯಾರೂ ಇಲ್ಲ. ಮಂಡ್ಯ ಬೆರಗಾದ. "ನಮ್ಮೂರಲ್ಲಿ ಇಟ್ರೆ ಡಬ್ಬಾನೂ ಇರಾಕಿಲ್ಲ ಕಣ್ಲಾ." ಕೊಪ್ಪಳ ತಟ್ಟನೆ ಅಂದ: "ನಿಮ್ಮೂರಾಗ ಶಿವರಾತ್ರಿಗೆ ಧರ್ಮಸ್ಥಳಕ್ಕ ನಡೆಯೋರಿಗೆ ಮಜ್ಜಿಗಿ ಪುಕ್ಕಟ ಕೊಡ್ತಾರಲ್ಲೋ. ಡಬ್ಬಿ ಯಾಕ ಬೇಕು?"

ಅದು ಸರಿಯಾದ ಮಾತು. ಬೆಂಗಳೂರಿನಿಂದ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವ ಸಾವಿರಾರು ಜನರನ್ನು ದಾರಿಯ ಊರಿನವರೇ ಸಾಕುತ್ತಾರೆ. ಪಾನಕ, ಮಜ್ಜಿಗೆ, ಚಿತ್ರಾನ್ನ, ಕಾಲಿಗೆ ಎಣ್ಣೆ. ನಾನು ಮಾವನ ಪ್ರಶ್ನೆ ಹೇಳಿದೆ. ಡಾಕ್ಟರಮ್ಮ ನಕ್ಕರು. "ಬಸ್ಸಲ್ಲಿ ಹೋದ್ರೂ ಮಂಜುನಾಥ ಸಿಗ್ತಾನೆ ಮಾರಾಯ. ಆದ್ರೂ ಜನ ನಡೀತಾರಲ್ಲ, ಅದನ್ನು ನಿನ್ನ ಮಾವ ಕೇಳಿದ್ದಾರಾ?" ಮಾವ ಕೇಳಿಲ್ಲ. ಅವರೇ ಒಂದು ಸಲ ನಡೆದವರು.

ಭಾನುವಾರ, ಡ್ರಿಮೆನ್‌ನಿಂದ ರೋವರ್ಡೆನನ್

ಬೆಳಿಗ್ಗೆಯೇ ಕೋನಿಕ್ ಹಿಲ್. ಎತ್ತರ 361 ಮೀಟರ್, ಅಂಥ ದೊಡ್ಡದೇನಲ್ಲ. ಆದರೆ ಮೇಲೆ ನಿಂತರೆ ಲೋಮಂಡ್ ಸರೋವರ ಇಡೀ ಬಿಚ್ಚಿಕೊಳ್ಳುತ್ತದೆ. ಹಸಿರು ನಡುಗಡ್ಡೆಗಳು ಗೆರೆ ಎಳೆದ ಹಾಗೆ ಸಾಲಾಗಿ ನಿಂತಿವೆ. ಅದು ಬರೀ ಚೆಂದಕ್ಕಲ್ಲ. ತಗ್ಗು ಸ್ಕಾಟ್ಲೆಂಡು ಮತ್ತು ಬೆಟ್ಟದ ಸ್ಕಾಟ್ಲೆಂಡು ಕೂಡುವ ಭೂಮಿಯ ಬಿರುಕು ಇದೇ ಗೆರೆಯಲ್ಲಿ ಹಾಯುತ್ತದೆ.

ಅಲ್ಲಿ ಕೂತು ಊಟ. ಮಂಡ್ಯನ ಹತ್ತಿರ ರಾಗಿ ಹುರಿಹಿಟ್ಟು. ಡಾಕ್ಟರಮ್ಮ ಅವಲಕ್ಕಿಗೆ ಒಗ್ಗರಣೆ ಹಾಕಿ ಒಣಗಿಸಿ ತಂದಿದ್ದರು. ಕೊಪ್ಪಳ ಬ್ಯಾಗಿನ ತಳದಿಂದ ಬಟ್ಟೆ ಸುತ್ತಿದ ಗಂಟು ತೆಗೆದ. ಜೋಳದ ಖಡಕ್ ರೊಟ್ಟಿ, ಅವ್ವ ಊರಿಂದ ಕಳಿಸಿದ್ದು. ಗಂಟು ಬಿಚ್ಚಿದರೆ ರೊಟ್ಟಿ ಒಂದೂ ಉಳಿದಿರಲಿಲ್ಲ, ಎಲ್ಲ ಚೂರು. ನಾಲ್ಕು ಮಗ್ಗಿಗೆ ಚೂರು ಹಂಚಿ, ಮೇಲೆ ಶೇಂಗಾ ಚಟ್ನಿ ಉದುರಿಸಿ, ಬಾಟಲಿಯ ಮೊಸರು ಸುರಿದು ಚಮಚ ಕೊಟ್ಟ. ಎರಡು ನಿಮಿಷ ಬಿಟ್ಟರೆ ರೊಟ್ಟಿ ಹೊರಗೆ ಮೆತ್ತಗಾಗಿ ಒಳಗೆ ಇನ್ನೂ ಕಟುಂ ಅನ್ನುತ್ತದೆ. ಪಕ್ಕದಲ್ಲಿ ಕೂತಿದ್ದ ಜರ್ಮನ್ ಜೋಡಿ ತಮ್ಮ ಸ್ಯಾಂಡ್‌ವಿಚ್ ಬಿಟ್ಟು ನಮ್ಮ ಮಗ್ಗನ್ನೇ ನೋಡುತ್ತಿದ್ದರು. ಅವರಿಗೂ ಕೊಟ್ಟೆವು. ಹುಡುಗ ಚಟ್ನಿಯನ್ನು ಬರೀ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ಸಂಜೆ ನೋಡಿದರೆ ಪುಟಕ್ಕೆ ಅವರ ಹತ್ತು ಪೌಂಡ್ ಬಂದಿತ್ತು, ಜೊತೆಗೆ ಒಂದೇ ಪದ: ಖಾರ. ಅದನ್ನು ಅವರಿಗೆ ಹೇಳಿಕೊಟ್ಟದ್ದು ಕೊಪ್ಪಳನೇ.

ಬಾಲ್ಮಾಹದಿಂದ ಮುಂದೆ ಸರೋವರದ ದಂಡೆ. ಮೇ ಕೊನೆಯಾದ್ದರಿಂದ ಓಕ್ ಮರಗಳ ಕೆಳಗೆಲ್ಲ ನೀಲಿ ಹೂವು ಉಳಿದಿತ್ತು. ರಾತ್ರಿ ಹತ್ತಕ್ಕೂ ಬೆಳಕು. ಹಾಸ್ಟೆಲಿನಲ್ಲಿ ಮಂಡ್ಯ ನಿದ್ದೆ ಬಾರದೆ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದ, ಷೇರು ಮಾರುಕಟ್ಟೆ ನೋಡುವವರ ಹಾಗೆ.

ಸೋಮವಾರ, ರೋವರ್ಡೆನನ್‌ನಿಂದ ಇನ್ವೆರಾರ್ನನ್

22 ಕಿ.ಮೀ. ಅಂತ ಪುಸ್ತಕದಲ್ಲಿದೆ. ಈ 22 ಬೇರೆಯೇ ಜಾತಿಯದು. ಇನ್ವರ್‌ಸ್ನೇಡ್‌ನ ಜಲಪಾತ ದಾಟಿದ ಮೇಲೆ ದಾರಿ ಅನ್ನುವುದೇ ಇಲ್ಲ. ನೀರಿಗೆ ಇಳಿದ ಬಂಡೆಗಳು, ಒದ್ದೆ ಬೇರುಗಳು, ಎರಡು ಕೈ ಊರಿ ಹತ್ತಿ ಕುಂಡೆ ಊರಿ ಇಳಿಯುವ ಜಾಗಗಳು. ಗಂಟೆಗೆ ಎರಡು ಕಿ.ಮೀ. ಸಾಗಿದರೆ ದೊಡ್ಡದು. ಮೂರು ಕಾಡುಮೇಕೆಗಳು ಬಂಡೆಯ ಮೇಲೆ ನಿಂತು ನಮ್ಮನ್ನು ನೋಡುತ್ತಿದ್ದವು. ರಾಬ್ ರಾಯ್ ಎಂಬ 18ನೇ ಶತಮಾನದ ದನಗಳ್ಳ ಅಡಗಿದ್ದ ಗುಹೆ ಇಲ್ಲೇ ಅನ್ನುತ್ತಾರೆ. ಹುಡುಕಲು ಯಾರಿಗೂ ಮನಸ್ಸಾಗಲಿಲ್ಲ.

ಗಾಳಿ ನಿಂತ ಕೂಡಲೇ ಮಿಡ್ಜ್ ಬಂದವು. ಸಾಸಿವೆಗಿಂತ ಸಣ್ಣ ನೊಣ. ಒಂದೊಂದಾಗಿ ಬರುವುದಿಲ್ಲ, ಮೋಡವಾಗಿ ಬರುತ್ತವೆ. ಗಾಳಿ ಸ್ವಲ್ಪ ಜೋರಾದರೆ ಹಾರಲಾರವು, ಹಾಗಾಗಿ ನಿಲ್ಲದೆ ನಡೆಯುವುದೊಂದೇ ಮದ್ದು. ಕೂತರೆ ಮುಗಿಯಿತು.

ಕೂರಲೇಬೇಕಾಯಿತು. ಕೊಪ್ಪಳ ಬೆಳಿಗ್ಗೆಯಿಂದ ಎಡಗಾಲು ಎಳೆಯುತ್ತಿದ್ದ. ಕೇಳಿದರೆ ಏನಿಲ್ಲ ಅನ್ನುತ್ತಿದ್ದ. ಡಾಕ್ಟರಮ್ಮ ಒಂದು ಬಂಡೆಯ ಮೇಲೆ ಕೂರಿಸಿ ಬೂಟು ಬಿಚ್ಚಿಸಿದರು. ಕಾಲುಚೀಲ ಅಂಟಿಕೊಂಡಿತ್ತು. ಮೆಲ್ಲಗೆ ಸುಲಿದರೆ ಹಿಮ್ಮಡಿಯ ಪಕ್ಕ ಹತ್ತು ರೂಪಾಯಿ ನಾಣ್ಯದಷ್ಟು ಬೊಬ್ಬೆ, ಒಳಗೆ ನೀರು ತುಂಬಿ ಹೊಳೆಯುತ್ತಿತ್ತು. ಅವರು ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೊಬ್ಬೆಯ ನಡುವೆ ಚುಚ್ಚದೆ ಬುಡದಲ್ಲಿ ಎರಡು ಕಡೆ ಚುಚ್ಚಿದರು. ಬಟ್ಟೆ ಒತ್ತಿ ನೀರು ಇಳಿಸಿದರು. ಮೇಲಿನ ಚರ್ಮ ಕೀಳಲಿಲ್ಲ. "ಇದೇ ನಿನ್ನ ಬ್ಯಾಂಡೇಜು, ಇದನ್ನು ಕಿತ್ರೆ ಕೈ ಮುರೀತೇನೆ." ಒಣಗಿಸಿ ಪ್ಯಾಡ್ ಇಟ್ಟು, ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ ಅಂಟಿಸಿದರು. ಮೂಲೆ ಚೂಪಾಗಿದ್ದರೆ ಕಾಲುಚೀಲಕ್ಕೆ ಸಿಕ್ಕಿ ಸುರುಳಿ ಸುತ್ತುತ್ತದಂತೆ. ಇಷ್ಟೂ ಹೊತ್ತು ಮಿಡ್ಜ್ ಅವರ ಹಣೆ, ಕಿವಿ, ಕತ್ತು ತಿನ್ನುತ್ತಿದ್ದವು. ಅವರ ಕೈ ಅಲುಗಲಿಲ್ಲ. ಮಂಡ್ಯ ಬೊಬ್ಬೆಯ ಫೋಟೋ ತೆಗೆದ. ಕೊಪ್ಪಳ ಬೈದ.

ಸಂಜೆ ಡ್ರೋವರ್ಸ್ ಇನ್ ಎಂಬ ಹಳೆಯ ಛತ್ರದಂಥ ಜಾಗ ಸೇರಿದೆವು. 1705ರ ಕಟ್ಟಡ, ದನ ಹೊಡೆದುಕೊಂಡು ಹೋಗುವವರು ತಂಗುತ್ತಿದ್ದದ್ದು. ಬಾಗಿಲಲ್ಲೇ ಸತ್ತ ಕರಡಿ ನಿಲ್ಲಿಸಿದ್ದಾರೆ. ಅಲ್ಲಿ ಸಿಗ್ನಲ್ ಸಿಕ್ಕಿತು. ಭಾನುವಾರದ ಬೆಟ್ಟ, ಸರೋವರದ ಚೆಂದದ ಫೋಟೋಗಳಿಗೆ ಹೃದಯದ ಗುರುತು ಬೇಕಾದಷ್ಟು ಬಿದ್ದಿದ್ದವು, ದುಡ್ಡು ಬಂದದ್ದು ಕಡಿಮೆ. ಮಂಡ್ಯ ಯಾರಿಗೂ ಹೇಳದೆ ಬೊಬ್ಬೆಯ ಫೋಟೋ ಹಾಕಿದ. ಊಟ ಮುಗಿಯುವಷ್ಟರಲ್ಲಿ 50 ಪೌಂಡ್. ನನ್ನ ಮ್ಯಾನೇಜರ್ ಕೂಡ ಕೊಟ್ಟಿದ್ದರು, ಇಷ್ಟು ದಿನ ಮೇಲ್ ನೋಡಿಯೂ ನೋಡದ ಹಾಗಿದ್ದವರು. ಇದರಲ್ಲಿ ಏನೋ ಸರಿಯಿಲ್ಲ ಅಂತ ನನಗೆ ಅನ್ನಿಸಿತು. ಮಲಾವಿಯ ಮಗುವಿನ ಹಸಿವಿಗೆ ಬಿಚ್ಚದ ಪರ್ಸು ಕೊಪ್ಪಳನ ಹಿಮ್ಮಡಿಗೆ ಬಿಚ್ಚಿತು. ಮಂಡ್ಯನಿಗೆ ಅಂಥ ತೊಂದರೆ ಏನಿರಲಿಲ್ಲ. "ಮಗೀನ ಅವ್ರು ನೋಡಿಲ್ಲ ಗುರು. ಇವನ್ನ ನೋಡವ್ರೆ."

ಮಂಗಳವಾರ, ಇನ್ವೆರಾರ್ನನ್‌ನಿಂದ ಟೈಂಡ್ರಮ್

ಮಳೆ ಇಲ್ಲ, ಏರು ಕಡಿಮೆ. ಫಾಲಕ್ ಹೊಳೆಯ ಪಕ್ಕದಲ್ಲೇ ನಡಿಗೆ. ಒಂದು ಕಡೆ ರೈಲು ಹಳಿಯ ಕೆಳಗೆ ಕುರಿ ದಾಟಲು ಮಾಡಿದ ಸಣ್ಣ ಸುರಂಗದಲ್ಲಿ ಬಗ್ಗಿಕೊಂಡು ಹೋಗಬೇಕು. ಬೆನ್ನಿನ ಬ್ಯಾಗು ಮೇಲೆ ತಾಗಿ ಮಂಡ್ಯ ಸಿಕ್ಕಿಕೊಂಡ. ಹಿಂದಿನಿಂದ ದೂಡಿದೆವು.

ಕ್ರಿಯನ್‌ಲಾರಿಕ್ ಮೇಲಿನ ಪೈನ್ ತೋಪಿನಲ್ಲಿ ಅರ್ಧ ದಾರಿ ಮುಗಿಯುತ್ತದೆ. ಅಲ್ಲಿ ಕೂತಾಗ ಕೊಪ್ಪಳ ತಾನಾಗಿಯೇ ಹೇಳಿದ, ಈ ಸಂಸ್ಥೆಯೇ ಯಾಕೆ ಅಂತ. ನಾವು ಯಾರೂ ಕೇಳಿರಲಿಲ್ಲ.

"ನಾ ಸಣ್ಣಾಂವ ಇದ್ದಾಗ ಸಾಲ್ಯಾಗ ಅಕ್ಕಿ ಕೊಡ್ತಿದ್ರು. ತಿಂಗಳಿಗೆ ಮೂರು ಕೆಜಿ. ಹಾಜರಿ ಬರೋಬ್ಬರಿ ಇರಬೇಕು. ನಾ ಚೀಲದಾಗ ಹೊತ್ಕೊಂಡು ಮನೀಗೆ ಹೋಗ್ತಿದ್ದೆ. ಮನ್ಯಾಗ ಏಳು ಮಂದಿ." ಅದು 1995ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಯೋಜನೆ. ಶೇ. 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕೆಜಿ ಧಾನ್ಯ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಧಾನ್ಯ ಅಲ್ಲ, ಬೇಯಿಸಿದ ಊಟವನ್ನೇ ಕೊಡಿ ಅಂತ ರಾಜ್ಯಗಳಿಗೆ ಹೇಳಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದದ್ದು ಉತ್ತರದ ಏಳು ಜಿಲ್ಲೆಗಳಿಗೆ. ಅದರಲ್ಲಿ ಕೊಪ್ಪಳವೂ ಒಂದು. ಇವನು ಆಗ ಮೂರನೇ ಕ್ಲಾಸು.

"ಅಕ್ಕಿ ಮನೀಗೆ ಹೋಗ್ತಿತ್ತು. ಊಟ ನನ್ನ ಹೊಟ್ಟಿಗೆ ಬಂತು. ಅಷ್ಟ ಫರಕು." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದ: "ಸಾಂಬಾರ್ ಏನ್ ಭಾಳ ಚಲೋ ಇರ್ತಿರಲಿಲ್ಲ ಬಿಡ್ರಿ. ನೀರು. ಆದ್ರ ಎರಡನೇ ಸಲ ಹಾಕ್ರಿ ಅಂದ್ರ ಹಾಕ್ತಿದ್ಳು ಅಡಗಿ ಮಾಡೋಕಿ. ಅಕಿ ಮಗನೂ ನಮ್ಮ ಕ್ಲಾಸಿನಾಂವ."

ಮಲಾವಿಯ ಶಾಲೆಗಳಲ್ಲೂ ಅಡುಗೆ ಮಾಡುವವರು ಆ ಊರಿನ ತಾಯಂದಿರೇ, ಸಂಬಳ ಇಲ್ಲದೆ, ಸರದಿಯ ಮೇಲೆ. ನಸುಕಿನಲ್ಲೇ ಬಂದು ದೊಡ್ಡ ಹಂಡೆಯಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನ ಗಂಜಿ ಕುದಿಸುತ್ತಾರೆ. ಮಕ್ಕಳು ಮಗ್ ಹಿಡಿದು ಸಾಲು ನಿಲ್ಲುತ್ತಾರೆ. ಎರಡೂ ಶುರುವಾದದ್ದು ಒಂದೇ ವರ್ಷ, 2002. ಒಂದು ಕೋರ್ಟಿನ ಆದೇಶದಿಂದ, ಸರ್ಕಾರದ ದುಡ್ಡಿನಿಂದ. ಇನ್ನೊಂದು ಯಾರ್ಯಾರೋ ಓಡಿ, ನಡೆದು, ಕೇಕ್ ಮಾರಿ ತಂದ ದುಡ್ಡಿನಿಂದ. ನನ್ನನ್ನು ಕೇಳಿದರೆ ಮೊದಲನೆಯದೇ ಸರಿ. ಮಗುವಿನ ಊಟ ಯಾರದೋ ಬೊಬ್ಬೆಯನ್ನು ನಂಬಿಕೊಂಡು ಇರಬಾರದು. ಆದರೆ ಮೊದಲನೆಯದು ಬರುವ ತನಕ ಮಕ್ಕಳು ಕಾಯುತ್ತಾ ಕೂರೋಕಾಗಲ್ಲ ಅಲ್ವಾ?

ಮಧ್ಯಾಹ್ನ ಡಾಲ್ರೈ ಎಂಬಲ್ಲಿ 1306ರಲ್ಲಿ ರಾಬರ್ಟ್ ಬ್ರೂಸ್ ರಾಜ ಸೋತು ಓಡಿದ ಜಾಗ. ಓಡುವಾಗ ಕತ್ತಿಯನ್ನು ಕೆರೆಗೆ ಎಸೆದನಂತೆ. ಟೈಂಡ್ರಮ್ ಸೇರುವ ಮುಂಚೆ ಒಂದಿಷ್ಟು ನೆಲದಲ್ಲಿ ಹುಲ್ಲೂ ಹುಟ್ಟಿಲ್ಲ. ಹಿಂದೆ ಅಲ್ಲಿ ಸೀಸದ ಅದಿರು ಒಡೆಯುತ್ತಿದ್ದರು, ಆ ವಿಷ ಇನ್ನೂ ಹೋಗಿಲ್ಲ. ಊರಿನಿಂದ ಪಡುವಣಕ್ಕೆ ಓಬನ್ ಕಡೆ ಹೋಗುವ ರಸ್ತೆಯಲ್ಲಿ ಡಾಲ್ಮಾಲಿ ಅಂತ ಬೋರ್ಡಿತ್ತು. ಆ ಅಣ್ಣತಮ್ಮಂದಿರ ಶೆಡ್ ಇರುವ ಊರು. ಕೊಪ್ಪಳ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ. ಅದನ್ನು ಪುಟಕ್ಕೆ ಹಾಕಲು ಬಿಡಲಿಲ್ಲ.

ಬುಧವಾರ, ಟೈಂಡ್ರಮ್‌ನಿಂದ ಕಿಂಗ್ಸ್‌ಹೌಸ್

ಈ ದಾರಿಯ ಅತಿ ಉದ್ದದ ದಿನ, 30 ಕಿ.ಮೀ. ಬೆಳಿಗ್ಗೆ ಆರಕ್ಕೆ ಹೊರಟೆವು. ಬ್ರಿಡ್ಜ್ ಆಫ್ ಆರ್ಕಿ ಮುಟ್ಟುವಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಆಗುಂಬೆಯ ಮಳೆ ಮೇಲಿಂದ ಬೀಳುತ್ತದೆ. ಇದು ಅಡ್ಡಕ್ಕೆ ಬರುತ್ತದೆ, ಕಿವಿಯೊಳಗೆ ಹೋಗುತ್ತದೆ.

ಅಲ್ಲಿಯೇ ಹೆದ್ದಾರಿ. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂಗೆ ಹೋಗುವ ಬಸ್ಸು ಆ ದಾರಿಯಲ್ಲೇ. ಡಾಕ್ಟರಮ್ಮನ ಮೊಣಕಾಲು ಊದಿತ್ತು. ಕೊಪ್ಪಳ ಕುಂಟುತ್ತಿದ್ದ. "ಕಿಂಗ್ಸ್‌ಹೌಸ್ ತನಕ ಬಸ್ಸಲ್ಲಿ ಹೋಗೋಣ, ಯಾರು ನೋಡ್ತಾರೆ?" ಅಂತ ಕೇಳಿದ್ದು ಮಂಡ್ಯ. ಬ್ಯಾಗು ಗಾಡಿಗೆ ಹಾಕಿದರೆ ಮೋಸ ಅಂದಿದ್ದ ಅದೇ ಮಂಡ್ಯ. ಯಾರೂ ನಗಲಿಲ್ಲ, ಎಲ್ಲರಿಗೂ ಅದೇ ಯೋಚನೆ ಇತ್ತು.

ನನಗೆ ನೆನಪಾದದ್ದು ನಮ್ಮ ಆಫೀಸಿನಲ್ಲಿ ಸಂಜೆ ನೆಲ ಒರೆಸಲು ಬರುವ ಘಾನಾದ ಹೆಂಗಸು. ಅವರಿಗೆ ನಾನು ಲಿಂಕ್ ಕಳಿಸಿರಲಿಲ್ಲ. ಗೋಡೆಗೆ ಅಂಟಿಸಿದ್ದ ಚೀಟಿ ಓದಿ, ಹೊರಡುವ ಎರಡು ದಿನ ಮುಂಚೆ ಐದು ಪೌಂಡಿನ ನೋಟು ಮಡಚಿ ನನ್ನ ಕೀಬೋರ್ಡಿನ ಕೆಳಗೆ ಇಟ್ಟಿದ್ದರು. ಮಾರನೇ ಸಂಜೆ ಸಿಕ್ಕಾಗ, ಪೂರ್ತಿ ನಡೀತೀಯಾ ಅಂತ ಕೇಳಿದ್ದರು. ನಡೀತೀನಿ ಅಂದಿದ್ದೆ. ಮಾವನ ಲೆಕ್ಕದಲ್ಲಿ ಈ ನೋಟಿಗೆ ಜಾಗ ಇಲ್ಲ. ನಾನು ಸುಮ್ಮನೆ ನನ್ನ ದುಡ್ಡು ಕೊಟ್ಟಿದ್ದರೆ ಅದು ಬರುತ್ತಲೇ ಇರಲಿಲ್ಲ. ಬಸ್ಸು ಹತ್ತಿದ್ದರೆ ಮಲಾವಿಯ ಮಗುವಿಗೆ ಒಂದು ತುತ್ತೂ ಕಡಿಮೆಯಾಗುತ್ತಿರಲಿಲ್ಲ, ಅದು ನಿಜ. ನಾನು ಮಾತ್ರ ಆಫೀಸಿನಲ್ಲಿ ಸಂಜೆ ಬೇಗ ಎದ್ದು ಹೋಗಬೇಕಾಗುತ್ತಿತ್ತು.

ಇದನ್ನು ಹೇಳಿದೆ. ಡಾಕ್ಟರಮ್ಮ ಎರಡು ಮಾತ್ರೆ ನುಂಗಿ, ಮೊಣಕಾಲಿಗೆ ಪಟ್ಟಿ ಬಿಗಿದು ಎದ್ದರು. "ನಡೀರಿ. ಆಮೇಲೆ ನಾನು ಬೈತೇನೆ."

ಇನ್ವೆರೋರನ್ ದಾಟಿದ ಮೇಲೆ ರಾನಕ್ ಮೂರ್. ಸುಮಾರು 130 ಚದರ ಕಿ.ಮೀ. ಜೌಗು ಬಯಲು. ಮನೆಯಿಲ್ಲ, ನೆರಳಿಲ್ಲ. ಕಾಲಡಿಗೆ ಮಾತ್ರ ಕಲ್ಲು ಹಾಸಿದ ಹಳೆಯ ದಾರಿ, ದನ ಹೊಡೆಯುವವರೂ ಗಾಡಿಯವರೂ ಓಡಾಡಿದ್ದು. ಕಲ್ಲು ಅಂಗಾಲನ್ನು ಅರೆಯುತ್ತದೆ. ಮೂರು ಗಂಟೆ ಯಾರೂ ಮಾತಾಡಲಿಲ್ಲ. ಮೋಡ ಸರಿದು ಬುವಾಕಲ್ ಎಟಿವ್ ಮೋರ್ ಬೆಟ್ಟ ಎದುರಿಗೆ ಬಂದಾಗಲೂ ಮಂಡ್ಯ ಫೋನ್ ತೆಗೆಯಲಿಲ್ಲ. ಕಿಂಗ್ಸ್‌ಹೌಸಿನ ಅಂಗಳದಲ್ಲಿ ಜಿಂಕೆಗಳು ದನಗಳಂತೆ ಓಡಾಡಿಕೊಂಡಿದ್ದವು. ಸೂಪು ಕುಡಿದು ಎಂಟಕ್ಕೇ ಮಲಗಿದೆವು.

ಗುರುವಾರ, ಕಿಂಗ್ಸ್‌ಹೌಸ್‌ನಿಂದ ಕಿನ್ಲಾಕ್‌ಲೆವೆನ್

ಬರೀ 14 ಕಿ.ಮೀ., ಹಬ್ಬದ ದಿನ ಅನ್ನಿ. ನಡುವೆ ಮಾತ್ರ ಡೆವಿಲ್ಸ್ ಸ್ಟೇರ್‌ಕೇಸ್ ಎಂಬ ಏರು. 1750ರ ಸುಮಾರಿಗೆ ಸೈನಿಕರು ಕಡಿದ ಹಾವಿನಂಥ ದಾರಿ. ಈ ಇಡೀ ನಡಿಗೆಯ ಅತಿ ಎತ್ತರದ ಜಾಗ ಇದರ ತಲೆ, ಸುಮಾರು 550 ಮೀಟರ್. ಹೆಸರು ಕೇಳಿ ಹೆದರಿದ್ದೆವು. ಕುಮಾರಪರ್ವತ ಹತ್ತಿದವರು ಹೆದರುವಂಥದ್ದೇನಲ್ಲ.

ಇಳಿಯುವ ಕಡೆಯೇ ನನ್ನನ್ನು ಹಿಡಿದು ನಿಲ್ಲಿಸಿತು. ಪಕ್ಕದಲ್ಲೇ ದಪ್ಪ ನೀರಿನ ಕೊಳವೆಗಳು ಬೆಟ್ಟದಿಂದ ಊರಿಗೆ ಇಳಿಯುತ್ತವೆ. ಅಲ್ಯೂಮಿನಿಯಂ ಕಾರ್ಖಾನೆಗೆ ಕರೆಂಟು ಬೇಕಾಗಿ 1905ರಿಂದ 1909ರ ತನಕ ಮೇಲೆ ಬ್ಲ್ಯಾಕ್‌ವಾಟರ್ ಅಣೆಕಟ್ಟು ಕಟ್ಟಿದರು. ಸಾವಿರಾರು ಕೂಲಿಗಳು, ಬಹಳ ಮಂದಿ ಐರ್ಲೆಂಡಿನಿಂದ ಬಂದವರು, ಗುದ್ದಲಿ ಪಿಕಾಸಿಯಲ್ಲೇ ಕೆಲಸ. ಸಂಬಳದ ದಿನ ಬೆಟ್ಟ ದಾಟಿ ಕಿಂಗ್ಸ್‌ಹೌಸಿಗೆ ಕುಡಿಯಲು ಹೋದವರಲ್ಲಿ ಕೆಲವರು ವಾಪಸ್ ಬರುವಾಗ ಹಿಮದಲ್ಲಿ ಸತ್ತರು. ಅಣೆಕಟ್ಟಿನ ಹತ್ತಿರ ಅವರ ಸಣ್ಣ ಸ್ಮಶಾನವಿದೆ, ಸಿಮೆಂಟಿನ ಗುರುತುಕಲ್ಲುಗಳು. ನಮ್ಮ ಲಿಂಗನಮಕ್ಕಿ, ಶರಾವತಿ ಕಡೆ ಬೆಳೆದ ನನಗೆ ಕೊಳವೆ ಕಂಡರೆ ಊರು ನೆನಪಾಗದೆ ಇರುವುದಿಲ್ಲ. ಅಣೆಕಟ್ಟು ಕಟ್ಟಿದವರ ಹೆಸರು ಅಲ್ಲಿಯೂ ಯಾರಿಗೂ ಗೊತ್ತಿಲ್ಲ. ಅವರೂ ಇದೇ ಬೆಟ್ಟ ಹತ್ತಿ ಇಳಿದರು, ಯಾರೂ ಅವರಿಗೆ ಒಂದು ಮೈಲಿಗಿಷ್ಟು ಅಂತ ಕೊಡಲಿಲ್ಲ. ಕಷ್ಟವನ್ನು ಆರಿಸಿಕೊಂಡು ಪಡುವವರಿಗೆ ಚಪ್ಪಾಳೆ ಜಾಸ್ತಿ.

ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಮಾಡಿದೆವು. ಮಂಡ್ಯನ ಚೀಲದಲ್ಲಿ ಪುಡಿ ಇತ್ತು. ವಾಸನೆಗೆ ಇಡೀ ಹಾಸ್ಟೆಲ್ ಸೇರಿತು. ತಟ್ಟೆಗಿಷ್ಟು ಅಂತ ಹೇಳಲಿಲ್ಲ, ಒಂದು ಮಗ್ಗನ್ನು ಮೇಜಿನ ತುದಿಯಲ್ಲಿ ಇಟ್ಟೆವು. ತೊಳೆಯುವಾಗ ನೋಡಿದರೆ ಅದರಲ್ಲಿ 38 ಪೌಂಡ್, ಒಂದು ಯೂರೋ, ಒಂದು ಬಟನ್.

ಶುಕ್ರವಾರ, ಫೋರ್ಟ್ ವಿಲಿಯಂ

ಕೊನೆಯ 24 ಕಿ.ಮೀ. ಊರು ಬಿಟ್ಟ ಕೂಡಲೇ ಏರು, ಆಮೇಲೆ ಲೈರಿಗ್‌ಮೋರ್ ಎಂಬ ಉದ್ದನೆಯ ಖಾಲಿ ಕಣಿವೆ, ಅಲ್ಲೊಂದು ಸೂರು ಹಾರಿದ ಮನೆ. ಮಧ್ಯಾಹ್ನದ ಹೊತ್ತಿಗೆ ಬೆನ್ ನೆವಿಸ್ ಕಂಡಿತು. 1345 ಮೀಟರ್, ಬ್ರಿಟನ್ನಿನ ಅತಿ ಎತ್ತರದ ಬೆಟ್ಟ. ಅದನ್ನೂ ಹತ್ತುತ್ತೇವೆ ಅಂತ ಮೊದಲು ಜಂಬದಲ್ಲಿ ಬರೆದಿದ್ದೆವು. ಡಾಕ್ಟರಮ್ಮ ಬೇಡ ಅಂದರು, ಯಾರೂ ವಾದಿಸಲಿಲ್ಲ. ಪುಟದಲ್ಲಿ ಹಾಗೇ ಬರೆದೆವು: ಬೆಟ್ಟ ಹತ್ತಲಿಲ್ಲ, ಮೊಣಕಾಲು ಒಪ್ಪಲಿಲ್ಲ. ಒಬ್ಬರೂ ದುಡ್ಡು ವಾಪಸ್ ಕೇಳಲಿಲ್ಲ.

ದಾರಿ ಮುಗಿಯುವುದು ಗಾರ್ಡನ್ ಚೌಕದಲ್ಲಿ. ಅಲ್ಲಿ ಬೆಂಚಿನ ಮೇಲೆ ಕಂಚಿನ ಮನುಷ್ಯನೊಬ್ಬ ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತಾ ಕೂತಿದ್ದಾನೆ. ಕೊಪ್ಪಳ ಅವನ ಪಕ್ಕ ಕೂತು ತನ್ನದನ್ನೂ ಬಿಚ್ಚಿದ.

ಪುಟದಲ್ಲಿ ಗುರಿ ದಾಟಿತ್ತು. ಇದಲ್ಲದೆ ಇಲ್ಲಿ ಗಿಫ್ಟ್ ಏಡ್ ಅಂತ ಒಂದು ವ್ಯವಸ್ಥೆ ಇದೆ. ಕೊಟ್ಟವರು ಇಲ್ಲಿ ತೆರಿಗೆ ಕಟ್ಟುವವರಾಗಿದ್ದು ಒಂದು ಚೌಕದಲ್ಲಿ ಟಿಕ್ ಹಾಕಿದರೆ, ಒಂದೊಂದು ಪೌಂಡಿಗೆ ಸರ್ಕಾರ 25 ಪೆನ್ನಿ ಸೇರಿಸಿ ಸಂಸ್ಥೆಗೆ ಕೊಡುತ್ತದೆ. ಮಂಡ್ಯ ಟಿಕ್ ಹಾಕದವರ ಪಟ್ಟಿ ಮಾಡಿಕೊಂಡು, ಮೀನು ಆಲೂಗಡ್ಡೆ ತಿನ್ನುತ್ತಾ ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದ. ಮಾವನಿಗೆ ಮೊತ್ತ ಕಳಿಸಿದೆ. ಇಂಡಿಯಾದ ಕಾರ್ಡು ಪುಟದಲ್ಲಿ ಹೋಗದೆ ಅವರು ಎರಡು ಸಲ ಒದ್ದಾಡಿದ್ದು ಆಗ ಗೊತ್ತಾಯಿತು. "ಖರ್ಚು ಕಳೆದು ಎಷ್ಟು?" ಅಂತ ಕೇಳಿದರು. ಹೇಳಿದೆ. "ಪರವಾಗಿಲ್ಲ" ಅಂದರು. ಸೊಸೈಟಿಯಲ್ಲಿ ಲಾಭ ಬಂದ ವರ್ಷವೂ ಅವರು ಅನ್ನುತ್ತಿದ್ದದ್ದು ಅಷ್ಟೇ.

ಶನಿವಾರ, ರೈಲು

ನಡೆದ ದೂರವನ್ನು ರೈಲು ನಾಲ್ಕು ಗಂಟೆಯೊಳಗೆ ಮುಗಿಸುತ್ತದೆ. ರಾನಕ್ ಮೂರಿನ ಜೌಗಿನಲ್ಲಿ ಹಳಿ ನಿಲ್ಲದೆ, ಸೌದೆ, ಬೇರು, ಮಣ್ಣು ಹಾಸಿ ಅದರ ಮೇಲೆ ತೇಲಿಸಿದ್ದಾರಂತೆ. ಆ ಜಾಗ ಬಂದಾಗ ನಾನೊಬ್ಬನೇ ಎಚ್ಚರ.

ಎರಡು ವಾರದ ಮೇಲೆ ಗ್ರೂಪಿನಲ್ಲಿ ಕೊಪ್ಪಳ ಒಂದು ಫೋಟೋ ಹಾಕಿದ. ಎಡಗಾಲ ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪಾಗಿ ಕಿತ್ತು ಬಂದಿತ್ತು, ಟಿಶ್ಯೂ ಮೇಲೆ ಇಟ್ಟಿದ್ದ. ಡಾಕ್ಟರಮ್ಮ ಏನು ಹಚ್ಚಬೇಕು ಅಂತ ಬರೆಯುವ ಮುಂಚೆಯೇ ಮಂಡ್ಯನ ಮೆಸೇಜು ಬಂತು: "ಪುಟ ಇನ್ನೂ ಮುಚ್ಚಿಲ್ಲ ಕಣ್ಲಾ. ಹಾಕ್ಲಾ?"